ಮಾಡ್ ಹಾಕುವವರೇ, ಲೆಕ್ಕ ಇಡಿ

ದಾದರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಗ ‘ಯುರೋಪಾ ಯೂನಿವರ್ಸಾಲಿಸ್ 4’ ಬಿಟ್ಟುಹೋಗಿದ್ದಾನೆ. 1444ರಿಂದ ಶುರುವಾಗುವ ಆ ಆಟದಲ್ಲಿ ನಮ್ಮ ವಿಜಯನಗರವೂ ಇದೆ ಮಾರಾಯ್ರೆ! ಅವನ ವಿಜಯನಗರ 1565 ದಾಟಿಯೂ ಗಟ್ಟಿಯಾಗಿ ನಿಂತಿತ್ತು. ಕೆಡವಿದ್ದು ಸುಲ್ತಾನರಲ್ಲ, ನಾನು. ಮಾಡ್ ಅಂದರೆ ಆಟದ ನಕಾಶೆ, ನಿಯಮ ಬದಲಿಸುವ ಹೆಚ್ಚುವರಿ ಫೈಲುಗಳು. ಅದರ ಹೊಸ ಆವೃತ್ತಿಯನ್ನು ಹಳೆಯದರ ಮೇಲೆಯೇ ಕಾಪಿ ಮಾಡಿಬಿಟ್ಟೆ. ಅವನು ಸೇವ್ ಮಾಡಿಟ್ಟ ಆಟ ಮತ್ತೆ ತೆರೆಯಲೇ ಇಲ್ಲ.

ಎಲ್ಲ ತಾನಾಗಿ ಇಳಿದು ಬರುವಾಗ ಕೈಯಾರೆ ಯಾಕೆ ಹಾಕಬೇಕು ಅನ್ನುತ್ತೀರಾ? ತಾನಾಗಿ ಬಂದದ್ದು ತಾನಾಗಿ ಬದಲಾಗುತ್ತದೆ ಕೂಡ. ಅರ್ಧ ಆಡಿದ ಆಟಕ್ಕೆ ಬೇಕಾದದ್ದು ಹಳೆಯ ಆವೃತ್ತಿಯೇ. ಕೆಲಸವೂ ದೊಡ್ಡದಲ್ಲ. ಡಾಕ್ಯುಮೆಂಟ್ಸ್‌ನೊಳಗೆ ‘ಪ್ಯಾರಡಾಕ್ಸ್ ಇಂಟರಾಕ್ಟಿವ್’, ಅದರೊಳಗೆ ಆಟದ ಹೆಸರಿನ ಫೋಲ್ಡರು, ಅದರೊಳಗೆ ‘ಮಾಡ್’. ಅಲ್ಲಿ ನಿಮ್ಮ ಮಾಡ್‌ನ ಫೋಲ್ಡರೂ, ಪಕ್ಕದಲ್ಲಿ ಕೊನೆಗೆ ‘.ಮಾಡ್’ ಅಂತಿರುವ ಪುಟ್ಟ ಫೈಲೂ ಇರಬೇಕು. ಫೋಲ್ಡರಿನ ವಿಳಾಸ ಆ ಫೈಲಿನಲ್ಲಿರುತ್ತದೆ, ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಚೆಕ್ಕಿನ ಖಾತೆ ನಂಬರ್ ಇದ್ದ ಹಾಗೆ, ತಪ್ಪಿದರೆ ಹಣವಿದ್ದೂ ಇಲ್ಲ.

ಈಗ ಹೆಸರು, ಆವೃತ್ತಿ, ತಾರೀಖು ಎಲ್ಲ ಪುಸ್ತಕದಲ್ಲಿ ಬರೆದಿಡುತ್ತೇನೆ. ಹಳೆಯದು ಪೆನ್‌ಡ್ರೈವಿಗೆ ಹೋದ ಮೇಲೆಯೇ ಹೊಸದು. ಬ್ಯಾಂಕಿನಲ್ಲಿ ಇಷ್ಟು ವರ್ಷ ಇನ್ನೇನು ಮಾಡಿದೆ ಹೇಳಿ! ಮಗನಿಗೆ ಮಾತ್ರ ಇನ್ನೂ ತಿಳಿಸಿಲ್ಲ. ದೀಪಾವಳಿಗೆ ಬರುತ್ತಾನಂತೆ.