ಕಾವಿಯ ಗೋಡೆಗೊಂದು ಸಾಕ್ಷಿ

ನಮ್ಮ ಬಾಡದ ಕಡೆ ದೇವಾಲಯದ ಜೀರ್ಣೋದ್ಧಾರವೆಂದರೆ ಊರಿಗೆ ಊರೇ ಸಂಭ್ರಮಿಸುತ್ತದೆ. ಆ ವಾದ್ಯಘೋಷದಲ್ಲಿ ಹಳೆಯ ಗೋಡೆ ಕುಸಿಯುವ ಸದ್ದು ಯಾರಿಗೂ ಕೇಳಿಸುವುದಿಲ್ಲ. ಈ ಕರಾವಳಿಯ ಹಲವು ಗುಡಿಗಳ ಕಾವಿ ಕಲೆ ಹೀಗೆಯೇ ಕಣ್ಮರೆಯಾಯಿತು.

ಕಾವಿಯೆಂಬುದು ಬರಿಯ ಕುಂಚದ ಕೆಲಸವಲ್ಲ. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಬೆರೆಸಿ, ಕೊಳೆಯಿಸಿ, ಕುಟ್ಟಿ ಗಾರೆ ಮಾಡುವರು. ಅದರ ಮೇಲೆ ಕೆಮ್ಮಣ್ಣಿನ ಲೇಪ ಕೊಡುವರು. ಹಸಿಯಿರುವಾಗಲೇ ಲೋಹದ ಮೊನೆಯಿಂದ ಕೆರೆದರೆ ಕೆಂಪಿನ ನಡುವೆ ಬಿಳಿಯ ಚಿತ್ರ ಮೂಡುತ್ತದೆ. ಹೊನ್ನಾವರದಲ್ಲಿ ಹುಟ್ಟಿದ ಡಾ. ಕೃಷ್ಣಾನಂದ ಕಾಮತರು (1934–2002) ಇದನ್ನು ಊರೂರು ಅಲೆದು ದಾಖಲಿಸಿದರು. ಅವರ ಕ್ಯಾಮರಾ ರೂಪವನ್ನು ಉಳಿಸಿಕೊಟ್ಟಿತು. ದ್ರವ್ಯದ ಗುಟ್ಟನ್ನು ಹಿಡಿಯುವುದು ಸಾಮಾನ್ಯ ಕ್ಯಾಮರಾದ ಅಳವಲ್ಲ.

ಅದಕ್ಕೆ ಈಗ ಬೇರೊಂದು ಸಾಧನವಿದೆ. ನಮ್ಮ ಕ್ಯಾಮರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರೇ ಪಾಲು ಮಾಡುತ್ತದೆ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮರಾವಾದರೋ ಕಣ್ಣಿಗೆ ನಿಲುಕದ ಅವಕೆಂಪನ್ನೂ ಸೇರಿಸಿ ನೂರಾರು ಪಾಲು ಮಾಡಿ, ಗೋಡೆಯ ಒಂದೊಂದು ಚುಕ್ಕೆಯ ಲೆಕ್ಕವನ್ನೂ ಬರೆದಿಡುತ್ತದೆ. ನಮ್ಮ ಚಿರೇಕಲ್ಲಿನ ನೆಲದ ಕೆಮ್ಮಣ್ಣಿನಲ್ಲಿ ಕಬ್ಬಿಣದ ಜೊತೆಗೆ ಜೇಡಿಯೂ ಉಂಟು. ಆ ಜೇಡಿ ಸುಮಾರು 2200 ನ್ಯಾನೊಮೀಟರಿನ ಬೆಳಕನ್ನು ಹೀರಿಕೊಳ್ಳುತ್ತದೆ. ಕಾರ್ಖಾನೆಯ ಶುದ್ಧ ಕಬ್ಬಿಣದ ಆಕ್ಸೈಡಿನಲ್ಲಿ ಆ ಗುರುತಿಲ್ಲ. ನಮ್ಮ ಕಣ್ಣಿಗೆ ಎರಡೂ ಒಂದೇ ಕೆಂಪು. ಯಂತ್ರಕ್ಕೆ ಬೇರೆ ಬೇರೆ. ಮೂಲ ಯಾವುದು, ತೇಪೆ ಯಾವುದು ಎಂಬುದಕ್ಕೆ ಸುಳಿವು ಸಿಗುತ್ತದೆ. ಗೋಡೆಯ ಒಂದು ಚೂರನ್ನೂ ಕೀಳಬೇಕಾಗಿಲ್ಲ.

ರೆಂಬ್ರಾಂಟನು 1642ರಲ್ಲಿ ಮುಗಿಸಿದ 'ನೈಟ್ ವಾಚ್' ಚಿತ್ರವನ್ನು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನವರು 2019ರಿಂದ ಇಂಥ ಉಪಕರಣಗಳಿಂದಲೂ ಪರೀಕ್ಷಿಸಿದರು. ಅದು ಸಿರಿವಂತರ ಮಾತು, ಹಳ್ಳಿಯ ಗುಡಿಗೇಕೆ ಎಂದು ಕೇಳುವವರಿದ್ದಾರೆ. ಆದರೆ ನಮ್ಮ ಇಸ್ರೋ ಸಂಸ್ಥೆ 2018ರ ನವೆಂಬರ್ 29ರಂದು ಇದೇ ಬಗೆಯ ಕಣ್ಣುಳ್ಳ 'ಹೈಸಿಸ್' ಉಪಗ್ರಹವನ್ನು 636 ಕಿಲೋಮೀಟರ್ ಎತ್ತರಕ್ಕೇರಿಸಿತು. ಆಕಾಶದಿಂದ ಮಣ್ಣನ್ನು ಪರೀಕ್ಷಿಸಬಲ್ಲ ನಾಡಿಗೆ, ಅದೇ ಮಣ್ಣು ಬಳಿದ ಗೋಡೆಯನ್ನು ಹತ್ತು ಅಡಿ ದೂರದಿಂದ ನೋಡುವುದು ಭಾರವಾಗಬಾರದು. ಯಂತ್ರ ಗುಡಿಗೊಂದು ಬೇಕಿಲ್ಲ. ಜಿಲ್ಲೆಯನ್ನೆಲ್ಲ ಸುತ್ತಲು ಒಂದು ಸಾಕು.

ಗೋಡೆ ಉಳಿಯಲೇಬೇಕೆಂದು ಹಟ ಹಿಡಿಯುವವನು ನಾನಲ್ಲ. ಸೋರುವ ಗುಡಿಯಲ್ಲಿ ದೇವರನ್ನು ಕೂರಿಸೆಂದು ಹೇಳುವುದು ಹೇಗೆ? ಆದರೆ ಕೆಡಹುವ ಮುನ್ನ ಒಮ್ಮೆ ಹೀಗೆ ಪರೀಕ್ಷಿಸುವ ಕಟ್ಟಳೆಯಾಗಲಿ. ಹೊಸ ಗೋಡೆಗೆ ಮತ್ತೆ ಕಾವಿ ಬರೆಯಬೇಕೆನ್ನುವವನಿಗೆ ಆ ದಾಖಲೆಯೇ ಗುರುವಾದೀತು. ಯಂತ್ರ ಬರುವವರೆಗೆ ನಮ್ಮ ಶಾಲೆ-ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಯಾವ ಊರಿನಲ್ಲಿ ಯಾವ ಗೋಡೆ ಉಳಿದಿದೆಯೆಂದು ಪಟ್ಟಿ ಮಾಡಿಡಬಹುದು. ಬಿದ್ದ ಗೋಡೆಯನ್ನು ಓದಬಲ್ಲ ಯಂತ್ರ ಮಾತ್ರ ಎಲ್ಲಿಯೂ ಇಲ್ಲ.