ಗೇರ್ ಬಿಗಿಯಾಗಿದೆಯೇ? ದಪ್ಪ ಆಯಿಲ್ ಹಾಕಿದರೆ ಸರಿಹೋಗುತ್ತದೆ ಎಂಬುದು ಎಷ್ಟು ನಿಜ?

ಕಬ್ಬಿನ ಹಂಗಾಮು ಶುರುವಾದರೆ ರಾಮದುರ್ಗದ ಸುತ್ತಮುತ್ತ ಟ್ರ್ಯಾಕ್ಟರ್, ಪಿಕಪ್ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ಚಳಿಗಾಲದ ನಸುಕಿನಲ್ಲಿ ಗಾಡಿ ತೆಗೆಯುವವರ ದೂರು ಒಂದೇ: ‘ಗೇರ್ ಬೀಳವಲ್ದು’. ಪಕ್ಕದಲ್ಲಿದ್ದವರು ಕೊಡುವ ಸಲಹೆಯೂ ಒಂದೇ: ‘ದಪ್ಪ ಆಯಿಲ್ ಹಾಕ್ಸು’. ಈ ಸಲಹೆ ಹೆಚ್ಚಿನ ಸಲ ತಪ್ಪು.

ಗೇರ್ ಬೀಳುವುದು ಹೇಗೆ?

ಕಾರು, ಪಿಕಪ್‌ಗಳ ಗೇರ್‌ಬಾಕ್ಸ್‌ನಲ್ಲಿ ಸಿಂಕ್ರೊನೈಸರ್ ಎಂಬ ಉಂಗುರಗಳಿವೆ. ಸಾಮಾನ್ಯವಾಗಿ ಇವು ಹಿತ್ತಾಳೆಯವು. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳನ್ನು ಉಜ್ಜಿ ಸಮವೇಗಕ್ಕೆ ತರುವುದು ಇವುಗಳ ಕೆಲಸ. ಉಜ್ಜಬೇಕಾದರೆ ನಡುವಿನ ಆಯಿಲ್ ಪದರ ಬೇಗ ಸರಿಯಬೇಕು. ಆಯಿಲ್ ದಪ್ಪವಾದಷ್ಟೂ ಅದು ತಡವಾಗಿ ಸರಿಯುತ್ತದೆ, ಗೇರ್ ಇನ್ನಷ್ಟು ಬಿಗಿಯಾಗುತ್ತದೆ. ಅತಿಯಾಗಿ ಜಾರಿದರೆ ಉಂಗುರಕ್ಕೆ ಹಿಡಿತ ಸಿಗದೆ ‘ಕರ್‌ರ್’ ಎಂದು ಸದ್ದಾಗುತ್ತದೆ.

ದೋಷ ಆಯಿಲ್‌ನದೇ? ಹೀಗೆ ನೋಡಿ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಬಂದ್ ಇದ್ದಾಗ ಗೇರ್ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಬಿಗಿಯಾದರೆ ತೊಂದರೆ ಬಹುಪಾಲು ಕ್ಲಚ್‌ನದು. ಕೇಬಲ್ ಅಥವಾ ಕ್ಲಚ್‌ನ ಹೈಡ್ರಾಲಿಕ್ ಭಾಗ ನೋಡಿಸಿ. ಎರಡೂ ಸಲ ಬಿಗಿಯಾದರೆ ಗೇರ್ ಲಿವರ್‌ನ ಕೇಬಲ್, ಜೋಡಣೆಗಳ ಮೇಲೆ ಅನುಮಾನ ಪಡಬೇಕು. ಒಂದೇ ಗೇರ್ ಸದ್ದು ಮಾಡಿದರೆ ಅದರ ಸಿಂಕ್ರೊನೈಸರ್ ಸವೆದಿರಬಹುದು. ಬೆಳಿಗ್ಗೆ ಬಿಗಿಯಾಗಿದ್ದು ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ಸಡಿಲವಾದರೆ ಮಾತ್ರ ಮೊದಲು ಆಯಿಲ್ ಕಡೆ ನೋಡಿ.

ತಪ್ಪು ಕಲ್ಪನೆ 1: ಜಿಎಲ್-4ಕ್ಕಿಂತ ಜಿಎಲ್-5 ಯಾವಾಗಲೂ ಮೇಲು

ಈ ಸಂಖ್ಯೆಗಳು ಪರೀಕ್ಷೆಯ ಅಂಕಗಳಲ್ಲ, ಕೆಲಸದ ವಿಂಗಡಣೆ. ಜಿಎಲ್-5 ಮುಖ್ಯವಾಗಿ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್‌ಗೆ ರೂಪಿಸಿದ್ದು. ಅದರಲ್ಲಿ ಗಂಧಕ-ರಂಜಕದ ಸಂಯೋಜಕಗಳು ಹೆಚ್ಚು. ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆಯನ್ನು ತಿನ್ನಬಹುದು, ಉಂಗುರದ ಹಿಡಿತವನ್ನೂ ತಗ್ಗಿಸಬಹುದು. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ.

ತಪ್ಪು ಕಲ್ಪನೆ 2: 90 ನಂಬರಿನ ಗೇರ್ ಆಯಿಲ್ 40 ನಂಬರಿನ ಎಂಜಿನ್ ಆಯಿಲ್‌ಗಿಂತ ದುಪ್ಪಟ್ಟು ದಪ್ಪ

ಎರಡರ ಅಳತೆಗೋಲೇ ಬೇರೆ. ಬಿಸಿಯಾದಾಗ 40 ನಂಬರಿನ ಎಂಜಿನ್ ಆಯಿಲ್ ಮತ್ತು 90 ನಂಬರಿನ ಗೇರ್ ಆಯಿಲ್ ಬಹುತೇಕ ಹತ್ತಿರದಲ್ಲೇ ಇರುತ್ತವೆ. 75ಡಬ್ಲ್ಯು-90 ಎಂಬುದರ ಮೊದಲ ಭಾಗ ಚಳಿಯಲ್ಲಿನ ಹರಿವನ್ನು, ಎರಡನೆಯದು ಬಿಸಿಯಲ್ಲಿನ ದಪ್ಪವನ್ನು ಹೇಳುತ್ತದೆ.

ತಪ್ಪು ಕಲ್ಪನೆ 3: ಒಂದೇ ಆಯಿಲ್ ಎಲ್ಲದಕ್ಕೂ ನಡೆಯುತ್ತದೆ

ಹೆಚ್ಚಿನ ಬೈಕ್‌ಗಳಲ್ಲಿ ಎಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್; ಡಬ್ಬಿಯ ಮೇಲೆ ಜಾಸೊ ಎಂಎ ಗುರುತು ಇರಲಿ. ಹಲವು ಟ್ರ್ಯಾಕ್ಟರ್‌ಗಳಲ್ಲಿ ಗೇರ್, ಹೈಡ್ರಾಲಿಕ್, ಆಯಿಲ್‌ನಲ್ಲಿ ಮುಳುಗಿದ ಬ್ರೇಕ್ ಎಲ್ಲಕ್ಕೂ ಒಂದೇ ಆಯಿಲ್. ಅಲ್ಲಿ ಸಾದಾ ಗೇರ್ ಆಯಿಲ್ ಸುರಿದರೆ ಬ್ರೇಕಿಗೇ ಕುತ್ತು.

ನೆರೆ ನೀರು ಹೊಕ್ಕರೆ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನೀರು ನುಗ್ಗಿದ್ದು ನೆನಪಿರಬಹುದು. ಗೇರ್‌ಬಾಕ್ಸ್‌ಗೆ ಉಸಿರಾಡುವ ಸಣ್ಣ ರಂಧ್ರ ಇರುತ್ತದೆ. ಬಿಸಿ ಗೇರ್‌ಬಾಕ್ಸ್ ನೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಗಾಡಿ ಓಡಿಸದೆ ಬದಲಿಸಿ. ಬೇರಿಂಗ್‌ಗಳು ತುಕ್ಕು ಹಿಡಿದ ಮೇಲೆ ಹೊಸ ಆಯಿಲ್ ಹಾಕಿ ಪ್ರಯೋಜನವಿಲ್ಲ.

ಬದಲಿಸುವಾಗ ಮೊದಲು ತುಂಬುವ ಬೋಲ್ಟ್ ಬಿಚ್ಚಿ ನೋಡಿ, ಆಮೇಲೆ ಕೆಳಗಿನದನ್ನು ತೆಗೆಯಿರಿ. ಮೇಲಿನದು ಬಿಚ್ಚಲು ಬಾರದಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ಕೂರಬೇಕಾಗುತ್ತದೆ.

ಕೊನೆಯದಾಗಿ, ಸಿಂಕ್ರೊನೈಸರ್ ಇಲ್ಲದ ಟ್ರ್ಯಾಕ್ಟರ್‌ನಲ್ಲಿ ಗಾಡಿ ನಿಲ್ಲಿಸಿಯೇ ಗೇರ್ ಬದಲಿಸಬೇಕು. ಕಬ್ಬಿನ ಟ್ರೇಲರ್ ಹೊತ್ತು ಇಳಿಜಾರಿನ ನಡುವೆ ಗೇರ್ ತೆಗೆದರೆ ಮತ್ತೆ ಬೀಳದೇ ಹೋಗಬಹುದು. ಆಗ ಇಡೀ ಭಾರ ಬ್ರೇಕಿನ ಮೇಲೆ. ಇಳಿಯುವ ಮೊದಲೇ ಕಡಿಮೆ ಗೇರ್ ಹಾಕಿಕೊಳ್ಳಿ.