ತಾತನ ರುಮಾಲು, ಅಜ್ಜಿಯ ಸೆರಗು

ಮನೆಯಲ್ಲಿ ಹಿರಿಯರು ತೀರಿಕೊಂಡಾಗ ಎಲ್ಲರೂ ಹುಡುಕೋದು ಒಂದು ಒಳ್ಳೆಯ ಫೋಟೋ. ಆ ತಲೆಮಾರಿನವರ ಒಂಟಿ ಫೋಟೋ ಸಿಗೋದೇ ಅಪರೂಪ. ಯಾರದೋ ಮದುವೆಯ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಲ್ಲಿ ನಿಂತಿರ್ತಾರೆ. ಆಗ ಮನೆಯ ಇಂಜಿನಿಯರ್ ಹುಡುಗನಿಗೆ ಫೋನ್ ಬರುತ್ತೆ. ನನಗೂ ಬಂತು. "ತಿಥಿಗೆ ಫ್ರೇಮ್ ಹಾಕಿಸ್ಬೇಕು ಕಣೋ, ತಾತನ್ನ ಮಾತ್ರ ಕಟ್ ಮಾಡಿ ಕೊಡು" ಅಂದ್ರು ಚಿಕ್ಕಮ್ಮ. ಕಳಿಸಿದ್ದು ನಮ್ಮಮ್ಮನ ಮದುವೆ ಫೋಟೋ.

ಹಿನ್ನೆಲೆ ತೆಗೆಯುವ ಮೊಬೈಲ್ ಆ್ಯಪ್ ಕ್ಷಣದಲ್ಲಿ ಕೆಲಸ ಮುಗಿಸಿತು. ಜೊತೆಗೆ ಅರ್ಧ ರುಮಾಲನ್ನೂ ನುಂಗಿತ್ತು! ಬಿಳಿ ರುಮಾಲು, ಹಿಂದೆ ಸುಣ್ಣದ ಗೋಡೆ. ಪಾಪ, ಅದಾದ್ರೂ ಏನು ಮಾಡೀತು?

ಲ್ಯಾಪ್‌ಟಾಪ್‌ನಲ್ಲಿ ಜಿಂಪ್ ತೆರೆದೆ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದ ಉಚಿತ ಸಾಫ್ಟ್‌ವೇರ್ ಇದು. ಇದರ ಫಜ್ಜಿ ಸೆಲೆಕ್ಟ್ ಆಗಲಿ, ಫೋಟೋಶಾಪ್‌ನ ಮ್ಯಾಜಿಕ್ ವಾಂಡ್ ಆಗಲಿ, ನೋಡೋದು ಬಣ್ಣವನ್ನಷ್ಟೇ. ಕ್ಲಿಕ್ ಮಾಡಿದ ಜಾಗದ ಬಣ್ಣಕ್ಕೆ ಹತ್ತಿರವಿರೋ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನೆಲ್ಲ ಸೇರಿಸ್ಕೊಂಡು ಹೋಗುತ್ತೆ. ಬಿಳಿ ಮೇಲೆ ಬಿಳಿ ಇದ್ದಾಗ ಪಾತ್ ಟೂಲ್ ವಾಸಿ. ಅಂಚಿನುದ್ದಕ್ಕೂ ಚುಕ್ಕಿ ಇಟ್ಟು, ಗೆರೆ ಬಾಗಿಸಿ, ಕೊನೆಗೆ ಆ ಗೆರೆಯನ್ನೇ ಸೆಲೆಕ್ಷನ್ ಆಗಿ ಬದಲಾಯಿಸಬಹುದು.

ಆಗ ಇರುವೆ ಸಾಲಿನ ಹಾಗೆ ಓಡುವ ಗೆರೆಯೊಂದು ಕಾಣುತ್ತೆ. ಅದರ ಒಳಗಿದ್ದದ್ದೆಲ್ಲ ಆಯ್ಕೆಯಾಯ್ತು, ಹೊರಗಿದ್ದದ್ದು ಇಲ್ಲ ಅನ್ಸುತ್ತೆ. ಆದ್ರೆ ಸೆಲೆಕ್ಷನ್ ಅಂದ್ರೆ ಬೇಲಿ ಅಲ್ಲ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಪ್ರತಿ ಪಿಕ್ಸೆಲ್‌ಗೂ 0ಯಿಂದ 255ರವರೆಗಿನ ಒಂದು ಅಂಕ ಇರುತ್ತೆ. 0 ಅಂದ್ರೆ ಪೂರ್ತಿ ಹೊರಗೆ, 255 ಅಂದ್ರೆ ಪೂರ್ತಿ ಒಳಗೆ, 128 ಅಂದ್ರೆ ಸುಮಾರು ಅರ್ಧ. ಇರುವೆ ಸಾಲು ಓಡೋದು ಈ ಅರ್ಧದ ಗಡಿಯಲ್ಲಿ. ಅಂಚಿನಲ್ಲಿ ಅಂಕವನ್ನ ಮೆಲ್ಲಗೆ ಇಳಿಸೋದಕ್ಕೇ ಫೆದರ್ ಅನ್ನೋದು. ಒಂದೆರಡು ಪಿಕ್ಸೆಲ್ ಸಾಕು. ಇಲ್ಲದಿದ್ರೆ ಕತ್ತರಿಯಲ್ಲಿ ಕತ್ತರಿಸಿದ ಹಾಗೆ, ಜಾಸ್ತಿಯಾದ್ರೆ ಮಂಜಿನಲ್ಲಿ ನಿಂತ ಹಾಗೆ ಕಾಣುತ್ತೆ. ಕಿವಿ ಪಕ್ಕದ ನರೆಗೂದಲಿಗೆ ಕ್ವಿಕ್ ಮಾಸ್ಕ್ ಹಾಕಿ, ಬೂದು ಬಣ್ಣದ ಬ್ರಷ್ ಆಡಿಸಿದೆ.

ಉಳಿದದ್ದು ತಾತನ ತೋಳು. ಅದರ ಮೇಲೆ ಅಜ್ಜಿಯ ಸೆರಗಿನ ಅಂಚು ಬಿದ್ದಿತ್ತು. ತೆಗೆಯಬೇಕೋ, ಬಿಡಬೇಕೋ? ಇದಕ್ಕೆ ಯಾವ ಟೂಲ್ ಕೂಡ ಉತ್ತರ ಹೇಳಲ್ಲ. ಅಜ್ಜಿಗೆ ಫೋನ್ ಮಾಡಿದೆ. "ನಿಮ್ಮಮ್ಮನ ಮದುವೆಗೆ ಅಂತ ಅವ್ರೇ ಹೋಗಿ ತಂದ ಸೀರೆ ಕಣಪ್ಪ ಅದು. ಇರ್ಲಿ ಬಿಡು" ಅಂದ್ರು. ಎರಡು ಬೆರಳಗಲದ ಹಸಿರು ಸೆರಗು ಫ್ರೇಮಿನಲ್ಲೂ ಉಳೀತು.

ನೀವೂ ಇಂಥ ಕೆಲಸಕ್ಕೆ ಕೂತ್ರೆ ಡಿಲೀಟ್ ಒತ್ತಬೇಡಿ. ಸೆಲೆಕ್ಷನ್‌ನಿಂದ ಲೇಯರ್ ಮಾಸ್ಕ್ ಮಾಡ್ಕೊಳ್ಳಿ. ಮಾಸ್ಕ್‌ನಲ್ಲಿ ಕಪ್ಪು ಇದ್ದಲ್ಲಿ ಚಿತ್ರ ಮರೆಯಾಗುತ್ತೆ, ಬಿಳಿ ಇದ್ದಲ್ಲಿ ಕಾಣುತ್ತೆ, ಏನೂ ಅಳಿಸಿ ಹೋಗಲ್ಲ. ಕಡತವನ್ನ ಎಕ್ಸ್‌ಸಿಎಫ್ ಆಗಿ ಉಳಿಸಿ. ಜೆಪೆಗ್‌ನಲ್ಲಿ ಮಾಸ್ಕ್ ಉಳಿಯಲ್ಲ. ಮತ್ತೆ, ಪಕ್ಕದಲ್ಲಿ ನಿಂತವರು ಯಾರು, ಹೆಗಲ ಮೇಲಿನ ಕೈ ಯಾರದು ಅಂತ ಹೇಳೋ ಹಿರಿಯರು ಮನೆಯಲ್ಲಿದ್ರೆ ಈ ವಾರವೇ ಆಲ್ಬಮ್ ಹಿಡ್ಕೊಂಡು ಅವರ ಹತ್ರ ಕೂತ್ಕೊಳ್ಳಿ.